ಯಾವ ಅರಕೆರೆ?

ನನ್ನ ಊರು ಅರಕೆರೆ. ಇಷ್ಟು ಹೇಳಿ ಸುಮ್ಮನಾಗುವ ಭಾಗ್ಯ ನನಗೆ ಈವರೆಗೂ ಸಿಕ್ಕಿಲ್ಲ. ‘ಯಾವ ಅರಕೆರೆ?’ ಎಂಬ ಪ್ರಶ್ನೆ ಮರುಗಳಿಗೆಯಲ್ಲೇ ಬರುತ್ತದೆ. ಬೆಂಗಳೂರಿನವರಿಗೆ ಅರಕೆರೆ ಎಂದರೆ ಬನ್ನೇರುಘಟ್ಟ ರಸ್ತೆಯ ಬಡಾವಣೆ. ಕಿವಿ ಸ್ವಲ್ಪ ಮಂದವಾದವರಿಗೆ ಅದು ಅರಸೀಕೆರೆ. ನನ್ನ ಮದುವೆಯ ಬೀಗರೂಟಕ್ಕೆಂದು ಹೊರಟ ಸ್ನೇಹಿತರೊಬ್ಬರು ಬೆಂಗಳೂರಿನ ಅರಕೆರೆಯಲ್ಲಿ ಒಂದು ಗಂಟೆ ಕಾಲ ಚಪ್ಪರ ಹುಡುಕಿ, ಕೊನೆಗೆ ಕಣ್ಣಿಗೆ ಬಿದ್ದ ಒಂದು ನಾಮಕರಣದ ಮನೆಯಲ್ಲಿ ಉಂಡು ಹಿಂದಿರುಗಿದರು. ‘ಊಟವೇನೋ ಚೆನ್ನಾಗಿತ್ತು, ನೀವೇ ಕಾಣಲಿಲ್ಲ’ ಎಂದು ಮಾರನೆಯ ವಾರ ನನ್ನನ್ನೇ ಆಕ್ಷೇಪಿಸಿದರು. ಅಂದಿನಿಂದ ‘ಅರಕೆರೆ, ಶ್ರೀರಂಗಪಟ್ಟಣ ತಾಲ್ಲೂಕು’ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಒಂದು ಹೆಸರು ಸಾಲದು, ಎರಡು ಬೇಕು ಎಂಬ ಈ ಸಣ್ಣ ಸತ್ಯವನ್ನು ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತ ಗಿಡಮರಗಳ ವಿಷಯದಲ್ಲಿ ೧೭೫೩ರಲ್ಲಿಯೂ ಪ್ರಾಣಿಗಳ ವಿಷಯದಲ್ಲಿ ೧೭೫೮ರಲ್ಲಿಯೂ ಜಾರಿಗೆ ತಂದ. ಮೊದಲು ಕುಲದ ಹೆಸರು, ಆಮೇಲೆ ಅದರದೇ ಹೆಸರು. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ನಮ್ಮ ಸೀಮೆಯವರು ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಅಕ್ಷರ ಮಾಡಿ ಮುಂದಿಟ್ಟುಕೊಂಡು, ಕಡೆಯಲ್ಲಿ ತಮ್ಮ ಹೆಸರು ಹೇಳುತ್ತಾರೆ. ನನ್ನ ಹೆಸರಿನ ಮುಂದಿರುವ ‘ಎ’ ಎಂಬುದು ಅರಕೆರೆಯೇ.

ಆದರೂ ಬಹುಕಾಲ ನನಗೆ ಆ ಲ್ಯಾಟಿನ್ ಹೆಸರುಗಳನ್ನು ಕಂಡರೆ ಆಗುತ್ತಿರಲಿಲ್ಲ. ಕನ್ನಡ ಮೇಷ್ಟರಿಗೆ ಇರಬೇಕಾದ ಕೋಪವೇ ಅದು ಎಂದು ತಿಳಿದಿದ್ದೆ. ಕಾಲೇಜಿನ ಅಂಗಳದ ಬೇವಿನ ಮರಕ್ಕೆ ಸಸ್ಯಶಾಸ್ತ್ರದವರು ‘ಅಜಾಡಿರಾಕ್ಟ ಇಂಡಿಕ’ ಎಂಬ ತಗಡು ಹೊಡೆದ ದಿನ ನಾನು ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ‘ಯುಗಾದಿಯ ದಿನ ಬೆಲ್ಲದ ಜೊತೆಗೆ ಅಜಾಡಿರಾಕ್ಟ ತಿನ್ನುವುದಕ್ಕಾಗುತ್ತದೆಯೇ?’ ಎಂದೆ. ಎಲ್ಲರೂ ನಕ್ಕರು. ನಗಿಸಿದವನೇ ಗೆದ್ದ ಎಂಬುದು ಸ್ಟಾಫ್ ರೂಮಿನ ನ್ಯಾಯ.

ನನ್ನ ಕೋಪದ ಹಿಂದೆ ಅಜ್ಜಿ ಇದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗದ್ದೆಯ ಬದುವಿನ ಮೇಲೆ ನಡೆಯುತ್ತ ಹೋದಳೆಂದರೆ ಕಾಲಡಿಯ ಒಂದು ಎಲೆಯೂ ಅವಳಿಗೆ ಅಪರಿಚಿತವಲ್ಲ. ಅಣ್ಣೆ, ಹೊನಗೊನೆ, ಗಣಿಕೆ, ಕೀರೆ, ಗೋಣಿ ಎಂದು ಒಂದೊಂದನ್ನೂ ಹೆಸರು ಹಿಡಿದು ಮಾತನಾಡಿಸಿ ಕಿತ್ತು ಮಡಿಲಿಗೆ ಹಾಕಿಕೊಳ್ಳುವಳು. ಮನೆಗೆ ಬಂದರೆ ಬೆರಕೆ ಸೊಪ್ಪಿನ ಸಾರು, ಮುದ್ದೆ. ಒಂದೇ ಸೊಪ್ಪಾದರೂ ಕಬ್ಬಿನ ಗದ್ದೆಯಲ್ಲಿ ಹುಟ್ಟಿದ್ದರ ರುಚಿ ಬೇರೆ, ನಾಲೆಯ ಏರಿಯ ಮೇಲೆ ಹುಟ್ಟಿದ್ದರ ರುಚಿ ಬೇರೆ ಎನ್ನುವಳು. ತುಂಬೆ ಶಿವನಿಗೆ, ಗರಿಕೆ ಗಣಪನಿಗೆ, ಎಕ್ಕದ ಎಲೆ ರಥಸಪ್ತಮಿಯ ಸ್ನಾನಕ್ಕೆ. ಅವಳು ಹೇಳಿದ ಹೆಸರಿನಲ್ಲಿ ಗಿಡವೂ ಇತ್ತು, ಅದು ಬೆಳೆಯುವ ಜಾಗವೂ ಇತ್ತು, ಅದನ್ನು ಏನು ಮಾಡಬೇಕೆಂಬುದೂ ಇತ್ತು. ಇಂಥ ಹೆಸರಿನ ಎದುರಿಗೆ ತಗಡಿನ ಹೆಸರು ಯಾವ ಲೆಕ್ಕ ಎಂಬುದು ನನ್ನ ವಾದ.

ಈ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ನಮ್ಮ ಅಡಿಗೆಮನೆಯಲ್ಲಿ. ನನ್ನ ಹೆಂಡತಿ ಸುಳ್ಯದ ಕಡೆಯವಳು. ಎರಡು ವರ್ಷದ ಹಿಂದೆ ಒಂದು ಸಂಜೆ, ‘ತಿಮರೆ ಸಿಕ್ಕಿದರೆ ತನ್ನಿ, ತಂಬುಳಿ ಮಾಡುತ್ತೇನೆ’ ಎಂದಳು. ತಿಮರೆ ಎಂದರೇನೆಂದು ಕೇಳಿದ್ದಕ್ಕೆ ಎಲೆಯ ಆಕಾರವನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಅದು ನಮ್ಮ ಒಂದೆಲಗ. ಮಾರುಕಟ್ಟೆಯಲ್ಲಿ ಒಂದೆಲಗ ಕೇಳಿದರೆ ಸೊಪ್ಪಿನವಳು, ‘ಬ್ರಾಹ್ಮಿನಾ ಸಾರ್?’ ಎಂದಳು. ಒಂದೆಲಗಕ್ಕೆ ಬ್ರಾಹ್ಮಿ ಎಂಬ ಹೆಸರೂ ಉಂಟೆಂದು ನಾನು ಎಲ್ಲೋ ಓದಿದ್ದೆ. ಪಾಂಡಿತ್ಯ ಪ್ರಯೋಜನಕ್ಕೆ ಬಂತೆಂಬ ಹಿಗ್ಗಿನಲ್ಲಿ ತಲೆಯಾಡಿಸಿದೆ. ಮನೆಗೆ ಬಂದು ಕಟ್ಟು ಬಿಚ್ಚಿದರೆ ಕಿವಿಯಂತೆ ದುಂಡಗಿನ ಎಲೆಯ ಬದಲು ಪುಟ್ಟಪುಟ್ಟ ದಪ್ಪ ಎಲೆಗಳ ಬಳ್ಳಿ. ಹೆಂಡತಿ ಅನುಮಾನಿಸಿದಳು. ‘ಎರಡೂ ಒಂದೇ’ ಎಂದು ನಾನು ಎಂ.ಎ. ಪದವಿಯ ಅಧಿಕಾರವಾಣಿಯಿಂದ ಸಾರಿದೆ. ತಂಬುಳಿ ಆಯಿತು. ಅಂಥ ಕಹಿಯನ್ನು ನಾನು ಔಷಧದಲ್ಲಿಯೂ ಕಂಡಿಲ್ಲ.

ತೀರ್ಪು ಕೊಟ್ಟವಳು ಮಗಳು. ಅವಳು ಸಸ್ಯಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಳೆ. ‘ಅಪ್ಪ, ನೀನು ತಂದಿದ್ದು ಬಕೋಪ ಮೊನ್ನಿಯೇರಿ. ಅಮ್ಮ ಕೇಳಿದ್ದು ಸೆಂಟೆಲ್ಲ ಏಷಿಯಾಟಿಕ. ಎರಡಕ್ಕೂ ಬ್ರಾಹ್ಮಿ ಅಂತಾರೆ, ಆದರೆ ಒಂದಕ್ಕೊಂದು ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಒಂದೆಲಗ ಕೊತ್ತಂಬರಿ, ಜೀರಿಗೆ ಇವುಗಳ ದಾಯಾದಿ’ ಎಂದಳು. ಕೊತ್ತಂಬರಿ ಒಂದೆಲಗದ ದಾಯಾದಿ! ಅಜ್ಜಿ ಹೇಳದೆ ಬಿಟ್ಟಿದ್ದ ಸಂಗತಿ ಇದು. ಅಜ್ಜಿಯ ಹೆಸರು ಗಿಡಕ್ಕೂ ನಮಗೂ ಇರುವ ಸಂಬಂಧವನ್ನು ಹೇಳುತ್ತಿತ್ತು. ಈ ಹೆಸರು ಗಿಡಕ್ಕೂ ಗಿಡಕ್ಕೂ ಇರುವ ಸಂಬಂಧವನ್ನು ಹೇಳುತ್ತಿತ್ತು.

ಸೋತವನು ಸುಮ್ಮನಿರಬಾರದಷ್ಟೆ. ‘ನಿಮ್ಮ ಲ್ಯಾಟಿನ್ನಾದರೂ ಸ್ಥಿರವೋ?’ ಎಂದು ಕೇಳಿದೆ. ಮಗಳು ಪ್ರಾಮಾಣಿಕಳು, ಹೊಂಗೆಯ ಚರಿತ್ರೆ ಹೇಳಿದಳು. ಲಿನ್ನೇಯಸ್ ಅದನ್ನು ಸೈಟಿಸಸ್ ಎಂಬ ಕುಲಕ್ಕೆ ಸೇರಿಸಿದನಂತೆ. ಆಮೇಲಿನವರು ಪೊಂಗಾಮಿಯ ಎಂದರು, ಡೆರಿಸ್ ಎಂದರು, ಮಿಲ್ಲೆಟಿಯ ಎಂದರು. ಈಗ ಕೆಲವರು ಮತ್ತೆ ಪೊಂಗಾಮಿಯ ಎನ್ನುತ್ತಿದ್ದಾರೆ. ಅಷ್ಟೂ ಕಾಲ ನಮ್ಮೂರಿನ ಹೊಂಗೆ ಹೊಂಗೆಯಾಗಿಯೇ ನಿಂತು ನೆರಳು ಕೊಟ್ಟಿದೆ. ಗೆದ್ದೆನೆಂದುಕೊಂಡೆ. ಆದರೆ ಅವಳು ಬಿಡಲಿಲ್ಲ. ಪೊಂಗಾಮಿಯ ಎಂಬುದು ತಮಿಳಿನ ಪುಂಗದಿಂದ ಬಂದದ್ದಂತೆ. ನಾನು ಹಾಸ್ಯ ಮಾಡಿದ ಅಜಾಡಿರಾಕ್ಟ ಪಾರಸಿಯ ಆಜಾದ್ ದರಖ್ತ್, ಎಂದರೆ ಸ್ವತಂತ್ರ ವೃಕ್ಷ. ಹುಣಸೆಯ ಟ್ಯಾಮರಿಂಡಸ್ ಅರಬರ ಬಾಯಲ್ಲಿ ಹಿಂದೂಸ್ಥಾನದ ಖರ್ಜೂರ. ಎಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಸುರಗಿ. ಒಣಗಿದರೂ ಪರಿಮಳ ಬಿಡದ ಆ ಹೂವಿನ ಮರಕ್ಕೆ ಶಾಸ್ತ್ರದ ಹೆಸರು ಮಮ್ಮಿಯ ಸುರಿಗ. ಆ ‘ಸುರಿಗ’ ನಮ್ಮ ಸುರಗಿಯೇ. ಇಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, ೧೮೦೦ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ನಮ್ಮ ನೆಲ, ಬೆಳೆ, ಗಿಡಮರಗಳ ವಿಷಯ ಕೇಳಿ ಕೇಳಿ ಬರೆದುಕೊಂಡು ಹೋದ ವೈದ್ಯ ಅವನು. ಲ್ಯಾಟಿನ್ ಎಂದು ನಾನು ಬೈಯುತ್ತಿದ್ದ ಪೆಟ್ಟಿಗೆಯೊಳಗೆ ನಮ್ಮ ಮನೆಯ ಒಡವೆಯೇ ಇತ್ತು.

ಎರಡನೆಯ ಪೆಟ್ಟು ತರಗತಿಯಲ್ಲಿ. ಹಳಗನ್ನಡದ ಒಂದು ವನವರ್ಣನೆ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಪಾದರಿ ಅಂದ್ರೆ ಏನು?’ ಎಂದ. ‘ಒಂದು ಬಗೆಯ ಹೂವಿನ ಮರ’ ಎಂದೆ. ಹುಡುಗ ಬರೆದುಕೊಂಡ. ಮುಂದಿನ ಹೂವಿಗೂ ಅದೇ ಉತ್ತರ, ಅದರ ಮುಂದಿನದಕ್ಕೂ ಅದೇ. ಇಪ್ಪತ್ತು ವರ್ಷದಿಂದ ನಾನು ಕೊಡುತ್ತ ಬಂದ ಅರ್ಥ ಇದೇ. ಕವಿ ಹತ್ತು ಹೂ ಕಂಡ ಕಡೆ ನಾನು ಹತ್ತು ಸಲ ‘ಒಂದು ಬಗೆ’ಯನ್ನು ಕಂಡಿದ್ದೆ. ಅಂದು ಸಂಜೆ ಕಿಟ್ಟೆಲರ ನಿಘಂಟನ್ನು ತೆಗೆದೆ. ೧೮೯೪ರಲ್ಲಿ ಅಚ್ಚಾದ ಆ ಗ್ರಂಥ ಎಷ್ಟೋ ಗಿಡಮರಗಳ ಹೆಸರಿನ ಎದುರಿಗೆ ಲ್ಯಾಟಿನ್ ಹೆಸರನ್ನೂ ಕೊಡುತ್ತದೆ. ಅಷ್ಟು ವರ್ಷ ನನ್ನ ಕಣ್ಣು ಆ ಅಕ್ಷರಗಳನ್ನು ಹಾರಿಸಿಕೊಂಡು ಹೋಗುತ್ತಿತ್ತು. ಮಗಳ ಸಹಾಯದಿಂದ ಪಾದರಿ ಎಂಬುದು ಸ್ಟೀರಿಯೊಸ್ಪರ್ಮಮ್ ಎಂದು ತಿಳಿದು, ಮೈಸೂರಿನ ಪರಿಚಿತರೊಬ್ಬರ ತೋಟದಲ್ಲಿ ಅದರ ಕೆಳಗೆ ನಿಂತು ಬಂದೆ. ಸಾವಿರ ವರ್ಷದ ಕನ್ನಡದ ಮಾತೊಂದಕ್ಕೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದದ್ದು ಲ್ಯಾಟಿನ್. ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು ಇದನ್ನು ನಮಗೆ ಎಂದೋ ತೋರಿಸಿಕೊಟ್ಟಿದ್ದರು. ನಾನು ಆ ಪುಸ್ತಕವನ್ನು ಹಾಸ್ಯಕ್ಕಾಗಿ ಓದಿದ್ದೆನೇ ಹೊರತು ಗಿಡಕ್ಕಾಗಿ ಓದಿರಲಿಲ್ಲ.

ಹೆಸರಿನ ಗೊಂದಲ ತಂಬುಳಿಯ ಕಹಿಯಲ್ಲಿಯೂ ತರಗತಿಯ ನಾಚಿಕೆಯಲ್ಲಿಯೂ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೂರನೆಯ ಸಂಗತಿ ನಮ್ಮ ಹೊಳೆಯದು.

ಕಳೆದ ಬೇಸಗೆ ಊರಿಗೆ ಹೋದಾಗ ಕಾವೇರಿಯ ದಂಡೆಯಲ್ಲಿ ಹುಡುಗನೊಬ್ಬ ಬಲೆ ಬಿಡಿಸುತ್ತಿದ್ದ. ಅದರಲ್ಲಿ ದೊಡ್ಡ ಹುರುಪೆಯ, ಮೊಳದುದ್ದದ ಮೀನು. ಚಿಕ್ಕಂದಿನಲ್ಲಿ ಕೇಳಿದ್ದ ಹೆಸರು ನೆನಪಾಗಿ, ‘ಬಿಳಿ ಮೀನು!’ ಎಂದೆ. ಪಕ್ಕದಲ್ಲಿ ಕುಳಿತಿದ್ದ ಬೆಸ್ತರ ಮುದುಕ ತಲೆಯೆತ್ತಿ ನೋಡಿದ. ‘ಅಲ್ಲ ಕಣ್ ಮೇಷ್ಟ್ರೆ. ಬಿಳಿ ಮೀನಿಗೆ ಬೆನ್ ಮ್ಯಾಲೆ ಗೂನು ಇರ್ತದೆ, ರೆಕ್ಕೆ ಕೆಂಪಗಿರ್ತದೆ. ಇದು ಯಾರೋ ತಂದು ಬಿಟ್ಟಿದ್ದು. ಬಿಳಿ ಮೀನು ನಾ ಕಂಡು ಯಾವ ಕಾಲಾತೋ’ ಎಂದ.

ಆ ಮುದುಕನ ಎರಡು ಮಾತಿನ ಹಿಂದೆ ಎಂಥ ಕಥೆಯಿದೆಯೆಂಬುದು ಆಮೇಲೆ ಓದಿದಾಗ ತಿಳಿಯಿತು. ಕಾವೇರಿಯ ಗೂನುಬೆನ್ನಿನ ಮಶೀರ್ ಲೋಕಪ್ರಸಿದ್ಧ ಮೀನು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಪಿಲೆಯಲ್ಲಿ ಗಾಳ ಹಾಕಿ ಹಿಡಿದದ್ದು ೧೨೦ ಪೌಂಡು ತೂಗಿತ್ತು. ದೇಶದೇಶಗಳಿಂದ ಜನ ಇದಕ್ಕಾಗಿ ಬರುತ್ತಿದ್ದರು. ಇಷ್ಟಾದರೂ ಅದಕ್ಕೊಂದು ನಿಶ್ಚಿತವಾದ ಶಾಸ್ತ್ರದ ಹೆಸರಿರಲಿಲ್ಲ. ಬುಕಾನನ್ ೧೮೨೨ರಲ್ಲಿ ಗಂಗೆಯ ಸೀಮೆಯ ಮೀನುಗಳ ಬಗ್ಗೆ ಬರೆದಾಗ ಅಲ್ಲಿನ ಮಶೀರ್‌ಗಳಿಗೆ ಅಲ್ಲಿನ ಜನರ ಬಾಯ ಹೆಸರನ್ನೇ ಇಟ್ಟ. ‘ಟಾರ್’ ಎಂಬ ಕುಲದ ಹೆಸರು ಬಂದದ್ದು ಹಾಗೆ. ಶ್ರೀರಂಗಪಟ್ಟಣದ ಹೊಳೆಯ ಮೀನು ಮಾತ್ರ ಅನಾಮಧೇಯವಾಗಿಯೇ ಉಳಿಯಿತು.

೧೯೭೦ರ ದಶಕದಿಂದ ಲೋನಾವಳದಲ್ಲಿ ಮಶೀರ್ ಮರಿ ಮಾಡಿಸಿ ದೇಶದ ಹಲವು ನದಿಗಳಿಗೆ ಬಿಟ್ಟರು. ಸದುದ್ದೇಶವೇ. ಆದರೆ ಆ ಮರಿಗಳು ನೀಲಿ ರೆಕ್ಕೆಯ ಬೇರೊಂದು ಜಾತಿ. ಮಶೀರ್ ಎಂದರೆ ಮಶೀರ್ ಅಲ್ಲವೇ ಎಂದು ಅವು ಕಾವೇರಿಗೂ ಬಂದವು. ಗಾಳಿಬೋರೆಯ ಕಡೆ ಗಾಳ ಹಾಕುತ್ತಿದ್ದವರು ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ, ಸಿಕ್ಕುವ ಮಶೀರ್‌ಗಳ ಸಂಖ್ಯೆ ಹೆಚ್ಚಿತ್ತು. ಗೂನುಬೆನ್ನಿನದು ಮಾತ್ರ ಮಾಯವಾಗುತ್ತ ಬಂದಿತ್ತು. ಒಂದೇ ಹೆಸರಿನಲ್ಲಿ ಎಣಿಸಿದ್ದರಿಂದ ಎಲ್ಲವೂ ಕ್ಷೇಮವಾಗಿಯೇ ಕಂಡಿತ್ತು. ಅಪಾಯದ ಪಟ್ಟಿಗೆ ಸೇರಿಸೋಣವೆಂದರೆ ಹೆಸರಿಲ್ಲ. ಪಡಿತರ ಚೀಟಿಯಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಕ್ಕೀತೇ? ಕಡೆಗೆ ೨೦೧೮ರಲ್ಲಿ, ಕೇರಳದಲ್ಲಿ ಹರಿದು ಕಾವೇರಿಯ ಬಳಗಕ್ಕೆ ಸೇರುವ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳಿಗೆ ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿಯೈ’ ಎಂಬ ಹೆಸರು ಇದಕ್ಕೇ ಸಲ್ಲತಕ್ಕದ್ದು ಎಂದು ಗೊತ್ತಾಯಿತು. ರೆಮಾದೇವಿ ಮೀನುಗಳ ಶಾಸ್ತ್ರ ಬಲ್ಲ ವಿದುಷಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ, ಅಳಿವಿಗೆ ತೀರ ಸಮೀಪವಾದ ಜೀವಿಗಳ ಸಾಲಿನಲ್ಲಿ, ನಮ್ಮ ಬಿಳಿ ಮೀನು ಸೇರಿತು. ನಾಮಕರಣವೂ ಅಪಾಯದ ಘೋಷಣೆಯೂ ಒಂದೇ ವರ್ಷ.

ಇದನ್ನು ಓದಿದ ಮೇಲೆ, ರೂಢಿಯ ಹೆಸರು ಮೇಲೋ ಶಾಸ್ತ್ರದ ಹೆಸರು ಮೇಲೋ ಎಂಬ ನನ್ನ ಹಳೆಯ ಜಗಳ ಹುರುಳಿಲ್ಲದ್ದೆಂದು ತೋರಿತು. ಬೆಸ್ತರ ಮುದುಕ ತಪ್ಪಲಿಲ್ಲ. ಅವನಿಗೆ ಗೂನು, ಕೆಂಪು ರೆಕ್ಕೆ ಎಲ್ಲ ಗೊತ್ತಿತ್ತು. ವಿಜ್ಞಾನಿಯೂ, ತಡವಾಗಿಯಾದರೂ, ತಪ್ಪಲಿಲ್ಲ. ತಪ್ಪಿದ್ದು ನಡುವಿನ ನಮ್ಮಂಥವರ ಅರೆತಿಳಿವಳಿಕೆಯ ಹೆಸರು. ಎಲ್ಲಕ್ಕೂ ‘ಮಶೀರ್’, ಎರಡಕ್ಕೂ ‘ಬ್ರಾಹ್ಮಿ’, ಹತ್ತು ಹೂವಿಗೆ ‘ಒಂದು ಬಗೆಯ ಹೂ’. ಜೊತೆಯಲ್ಲಿ ಬಾಳಿದವನಿಗೂ ಕೂಲಂಕಷವಾಗಿ ನೋಡಿದವನಿಗೂ ಹೆಸರು ಗೊತ್ತು. ಅವರಿಬ್ಬರೂ ಒಂದು ಕಡೆ ಕುಳಿತು ಮಾತನಾಡಿದ್ದರೆ ಹೊಳೆಯಲ್ಲಿ ಬಿಳಿ ಮೀನು ಇಂದು ಇನ್ನಷ್ಟು ಇರುತ್ತಿತ್ತೇನೋ.

ಆದ್ದರಿಂದ ಈ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ನಾನೂ ಮಗಳೂ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೊಯ್ದೆವು. ನಡುವೆ ಒಂದು ಗೆರೆ. ಎಡಗಡೆ ಅವ್ವ ಹೇಳುವ ಹೆಸರು, ಬಲಗಡೆ ಮಗಳು ಹೇಳುವ ಹೆಸರು. ಬರೆಯುವ ಗುಮಾಸ್ತ ನಾನು. ಬದುವಿನ ಮೇಲೆ ಮೂವರೂ ನಡೆದೆವು. ‘ಆ ಹೆಸ್ರಲ್ಲಿ ಕರುದ್ರೆ ಸೊಪ್ಪು ಬ್ಯಾಗ ಬೇಯ್ತದೇನವ್ವ?’ ಎಂದು ಅವ್ವ ಮೊಮ್ಮಗಳನ್ನು ಕೇಳಿದಳು. ಆದರೂ ಅಣ್ಣೆಯ ಹೆಸರು ‘ಸಿಲೋಸಿಯ’ ಎಂಬುದು ಅವಳಿಗೆ ಹಿಡಿಸಿತು. ಎರಡು ಮೂರು ಸಲ ಹೇಳಿ ನೋಡಿ ನಕ್ಕಳು.

ಎರಡು ಪುಟ ತುಂಬಿತು. ನಾಲೆಯ ಏರಿಯ ಹತ್ತಿರ ಮಗಳು ಒಂದು ಪುಟ್ಟ ನೀಲಿ ಹೂವಿನ ಗಿಡವನ್ನು ಕಿತ್ತು, ಕ್ಷಣವೂ ತಡೆಯದೆ ಅದರ ಎರಡು ಹೆಸರನ್ನು ಹೇಳಿದಳು. ಬಲಗಡೆ ಬರೆದುಕೊಂಡು ನಾನು ಅವ್ವನ ಮುಖ ನೋಡಿದೆ. ಅವಳು ಗಿಡವನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು, ಎಲೆ ಹಿಸುಕಿ ಮೂಸಿ ನೋಡಿದಳು.

‘ನಿಮ್ಮಜ್ಜಿ ಇದುಕ್ಕೆ ಏನೋ ಅಂತಿದ್ರು ಕಣಪ್ಪ. ದನಕ್ಕೆ ಹೊಟ್ಟೆ ಉಬ್ಬರುಸ್ದಾಗ ಅರೆದು ಹಾಕೋರು. ಬಾಯಲ್ಲೇ ಐತೆ, ಬರ್ತಾ ಇಲ್ಲ’ ಎಂದಳು.

ನಾವು ಸ್ವಲ್ಪ ಹೊತ್ತು ಕಾದೆವು. ಮನೆಗೆ ಹೋದ ಮೇಲೂ ಊಟದ ನಡುವೆ ಅವ್ವ ಎರಡು ಸಲ ಕೈ ತಡೆದು ಯೋಚಿಸಿದಳು. ಅಜ್ಜಿ ಹೋಗಿ ಹದಿನಾರು ವರ್ಷವಾಯಿತು. ಆ ಹದಿನಾರು ವರ್ಷವೂ ನಾನು ಕನ್ನಡ ಪಾಠ ಹೇಳುತ್ತಿದ್ದೆ.

ನೋಟ್‌ಬುಕ್ಕಿನ ಮೂರನೆಯ ಪುಟದಲ್ಲಿ, ಬಲಗಡೆ ಲ್ಯಾಟಿನ್ ಹೆಸರು ಅಂದವಾಗಿ ಕುಳಿತಿದೆ. ಎಡಗಡೆ 'ದನದ ಹೊಟ್ಟೆಯುಬ್ಬರಕ್ಕೆ' ಎಂದಷ್ಟೇ ಬರೆದು, ಹೆಸರಿಗೆಂದು ಮೇಲೆ ಜಾಗ ಬಿಟ್ಟಿದ್ದೇನೆ. ಅರಕೆರೆಯ ಕಡೆಯ ಹಿರಿಯರು ಯಾರಾದರೂ ಇದನ್ನು ಓದಿದರೆ, ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯವರು, ಅವರನ್ನು ಕೇಳಿ ತುಂಬಿಸಬೇಕೆಂದಿದ್ದೇನೆ.