ಜೋಗವನ್ನು ಮನೆಗೆ ತಂದ ಬಗೆ

ಮಳೆಗಾಲದ ಜೋಗವನ್ನು ಕಣ್ತುಂಬ ಕಾಣಬೇಕೆಂಬುದು ನಮ್ಮ ಮನೆಯವರೆಲ್ಲರ ಬಹುದಿನಗಳ ಬಯಕೆಯಾಗಿತ್ತು. 2024ರ ಶ್ರಾವಣದಲ್ಲಿ ಅದು ಕೈಗೂಡಿತು. ಹಾವೇರಿಯಿಂದ ಬೆಳಗಿನ ಜಾವ ಹೊರಟು, ಹಾನಗಲ್ಲು ದಾಟಿ, ಶಿರಸಿಯಲ್ಲಿ ಉಪಾಹಾರ ಮುಗಿಸಿ ಸಿದ್ದಾಪುರದ ಹಾದಿ ಹಿಡಿದೆವು. ಗೋವಿನಜೋಳದ ಹೊಲಗಳು ಹಿಂದೆ ಸರಿದು, ಅಡಕೆಯ ತೋಟಗಳೂ ಹೆಂಚಿನ ಮನೆಗಳೂ ಮಂಜಿನ ನಡುವೆ ಕಾಣಿಸಿಕೊಳ್ಳತೊಡಗಿದವು.

ಹೊರಡುವ ಮುನ್ನ ನಮ್ಮ ತಾಯಿಯವರು ಒಂದು ಮಾತು ಹೇಳಿದ್ದರು. "ನನಗಂತೂ ಬರಾಕ ಆಗೂದಿಲ್ಲ. ಫೋಟೊ ಹಿಡಕೊಂಡು ಬರ್ರಿ, ಇಲ್ಲೇ ಕೂತು ನೋಡ್ತೀನಿ." ಅವರಿಗೆ ಆಗ 82 ವರ್ಷ, ಮೊಣಕಾಲಿನ ನೋವಿನಿಂದ ಹೊಸ್ತಿಲು ದಾಟುವುದೇ ಕಷ್ಟ. ಮದುವೆಯಾದ ಹೊಸತರಲ್ಲಿ, 1962ರಲ್ಲಿ, ಅವರು ನಮ್ಮ ತಂದೆಯವರೊಡನೆ ಜೋಗವನ್ನು ಕಂಡಿದ್ದರು. ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದಮೇಲೆ ಅವರು ಕಂಡದ್ದು ಆ ದೊಡ್ಡ ಅಣೆಕಟ್ಟಿಗಿಂತ ಮೊದಲಿನ ಶರಾವತಿಯನ್ನು. ಅಂದು ಅವರ ಬಳಿ ಕ್ಯಾಮರಾ ಇರಲಿಲ್ಲ. ತಂದೆಯವರೂ ಈಗಿಲ್ಲ. ಆ ಪ್ರವಾಸದ ಗುರುತಾಗಿ ಉಳಿದದ್ದು ತಾಯಿಯವರ ನೆನಪೊಂದೇ.

ಜೋಗವನ್ನು ತಲುಪಿದಾಗ ಎದುರಿಗೆ ಬರಿಯ ಬಿಳುಪು. ಕಣಿವೆಯ ತುಂಬ ಮಂಜು ಕವಿದು, ಭೋರ್ಗರೆತ ಮಾತ್ರ ಕೇಳುತ್ತಿತ್ತು. ಅರ್ಧ ಗಂಟೆ ಕಾದ ಮೇಲೆ ಗಾಳಿ ಬೀಸಿ ಪರದೆ ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಧಾರೆಗಳು 253 ಮೀಟರ್ ಆಳಕ್ಕೆ ಧುಮುಕುವ ಆ ನೋಟಕ್ಕೆ ನಾವು ಮೂಕರಾದೆವು. ನಮ್ಮ ಮಗಳು ಮೊಬೈಲಿನಲ್ಲಿ ಒಂದೇ ಸಮನೆ ಚಿತ್ರ ತೆಗೆದಳು. ನಾವೂ ನಮ್ಮ ಹಳೆಯ ಕ್ಯಾಮರಾದಲ್ಲಿ ತೆಗೆದೆವು. ಮನೆಗೆ ಬಂದು ಎಣಿಸಿದರೆ ಒಟ್ಟು 214 ಚಿತ್ರಗಳು!

ಆ ರಾತ್ರಿಯೇ ತಾಯಿಯವರ ಪಕ್ಕದಲ್ಲಿ ಕುಳಿತು ಒಂದೊಂದಾಗಿ ತೋರಿಸಿದೆವು. ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದ ಅವರು, "ಇದು ಯಾ ಊರ ಹಳ್ಳೋ ತಮ್ಮಾ?" ಎಂದರು. ಮಗಳ ಮುಖ ಬಾಡಿತು. ನಮಗೂ ಉತ್ತರ ಹೊಳೆಯಲಿಲ್ಲ. ಅಷ್ಟು ದೊಡ್ಡ ಜಲಪಾತವನ್ನು ಹಳ್ಳವಾಗಿಸಿ ತಂದವರು ನಾವೇ ಅಲ್ಲವೆ?

ನಮ್ಮ ಓಣಿಯಲ್ಲಿ ನಿವೃತ್ತ ಚಿತ್ರಕಲಾ ಮಾಸ್ತರರೊಬ್ಬರಿದ್ದಾರೆ. ಮರುದಿನ ಎಲ್ಲ ಚಿತ್ರಗಳನ್ನೂ ಅವರ ಮುಂದಿಟ್ಟೆವು. "ಛಲೋ ಅದಾವು" ಎಂದು ಬೆನ್ನು ತಟ್ಟುವರೆಂದು ನಿರೀಕ್ಷಿಸಿದ್ದ ಮಗಳನ್ನು ಅವರು ಒಂದೊಂದು ಚಿತ್ರಕ್ಕೂ ಒಂದೇ ಪ್ರಶ್ನೆ ಕೇಳಿದರು: "ಇದರಾಗ ನೀ ಏನ ತೋರಸಬೇಕಂತ ಮಾಡಿದ್ದಿ, ತಂಗಿ?" ಉತ್ತರವಿಲ್ಲದ ಚಿತ್ರಗಳನ್ನು ಬದಿಗಿಡಿಸಿದರು. ಒಂದೇ ನೋಟದ ಹತ್ತು ಚಿತ್ರಗಳಲ್ಲಿ ಒಂದನ್ನು ಉಳಿಸಿದರು. ಎರಡು ಗಂಟೆಯಲ್ಲಿ 214 ಹೋಗಿ 11 ಉಳಿದವು.

ಉಳಿದವುಗಳಲ್ಲಿಯೂ ದೋಷಗಳನ್ನು ಎಣಿಸಿ ಹೇಳಿದರು. ಮೊದಲನೆಯದು, ಅಳತೆಯ ಅಭಾವ. ಧಾರೆಯೊಂದನ್ನೇ ದೊಡ್ಡದು ಮಾಡಿ ಹಿಡಿದುದರಿಂದ ಅದು ಹತ್ತಡಿಯದೋ ಎಂಟುನೂರು ಅಡಿಯದೋ ನೋಡುವವರಿಗೆ ತಿಳಿಯದು. ಒಬ್ಬ ಮನುಷ್ಯನೋ, ಒಂದು ಮರವೋ, ಜಲಪಾತದ ನೆತ್ತಿಯ ಮೇಲಿರುವ ಹಳೆಯ ಬಂಗಲೆಯೋ ಚೌಕಟ್ಟಿನೊಳಗಿದ್ದರೆ ಕಣ್ಣು ತಾನೇ ಅಳೆದುಕೊಳ್ಳುತ್ತದೆ. ಎರಡನೆಯದು, ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿದ ಚಿತ್ರಗಳು. ಒಂದು ಮಿತಿಯ ಆಚೆ ಹಿಗ್ಗಿಸಿದರೆ ನೋಟ ಹತ್ತಿರವಾಗುವುದಿಲ್ಲ, ಚಿತ್ರ ಒಡೆಯುತ್ತದೆಯಷ್ಟೆ. ಮೂರನೆಯದು, ಬೆಳಕು. ಮಂಜೇ ತುಂಬಿದ ನೋಟವನ್ನು ಕ್ಯಾಮರಾ ತಾನಾಗಿ ಮಂಕು ಮಾಡುತ್ತದೆ; ಬಿಳಿಯ ಮಂಜು ಬೂದಿಯಂತೆ ಕಾಣುತ್ತದೆ. ಕಪ್ಪು ಬಂಡೆಯೇ ತುಂಬಿದ್ದರೆ ಬೆಳಕನ್ನು ಹೆಚ್ಚಿಸುತ್ತದೆ. ಆಗ ನೀರಿನ ಎಳೆಗಳೆಲ್ಲ ಅಳಿಸಿ, ಸುಣ್ಣ ಬಳಿದಂತಾಗುತ್ತದೆ. ನಾಲ್ಕನೆಯದು, ಮಸೂರದ ಮೇಲಿನ ಮಳೆಹನಿ. ಒರೆಸಲು ಒಂದು ಮೆತ್ತನೆಯ ಬಟ್ಟೆ ಸಾಕಾಗಿತ್ತು!

ಮಗಳು ಸಪ್ಪೆಯಾದಳು. "ಇನ್ನು ಫೋಟೊನ ತೆಗಿಯೂದಿಲ್ಲ" ಎಂದಳು. ಮಾಸ್ತರರು ನಕ್ಕು ತಮ್ಮ ಕಂಪ್ಯೂಟರಿನ ಮುಂದೆ ಅವಳನ್ನೇ ಕೂರಿಸಿದರು. ಮೊದಲು ಮೂಲ ಚಿತ್ರವನ್ನು ಹಾಗೆಯೇ ಉಳಿಸಿ, ಪ್ರತಿಯೊಂದರ ಮೇಲೆ ಕೆಲಸ ಆರಂಭಿಸುವುದನ್ನು ಕಲಿಸಿದರು. ಬಳಿಕ ಓರೆಯಾಗಿದ್ದ ಅಂಚನ್ನು ನೇರಗೊಳಿಸಿ, ಬದಿಯಲ್ಲಿ ಇಣುಕುತ್ತಿದ್ದ ಕಬ್ಬಿಣದ ಕಟಾಂಜನವನ್ನು ಕತ್ತರಿಸಿ ತೆಗೆಸಿದರು. ಬೂದಿಬಣ್ಣದ ಮಂಜನ್ನು ತುಸು ಬೆಳಗಿಸಿ, ಬಂಡೆಯ ಕಪ್ಪನ್ನು ತುಸು ಗಾಢಗೊಳಿಸಿದಾಗ ಮಸುಕಾಗಿದ್ದ ಚಿತ್ರಕ್ಕೆ ಜೀವ ಬಂದಂತಾಯಿತು. ಉತ್ಸಾಹದಿಂದ ಅವಳು ಹಸಿರನ್ನೂ ಏರಿಸತೊಡಗಿದಾಗ ಕೈ ಹಿಡಿದು, "ಮಲೆನಾಡಿನ ಹಸಿರಿಗೆ ಬಣ್ಣದ ಡಬ್ಬಿ ಬೇಕಾಗಿಲ್ಲ" ಎಂದರು.

ಒಂದು ಚಿತ್ರದಿಂದ ಬಣ್ಣವನ್ನೇ ತೆಗೆದು ತೋರಿಸಿದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ನಾಡಿನ ಮಂತ್ರಿಗಳಾಗಿದ್ದವರು. ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದಲೂ ಹೆಸರಾದವರು. ಅವರನ್ನು ನೆನೆದು ಮಾಸ್ತರರು, ಮಂಜು, ಬಂಡೆ, ನೀರು ಮಾತ್ರವಿರುವ ಕಡೆ ಬಣ್ಣವಿಲ್ಲದೆಯೂ ಚಿತ್ರ ಮಾತನಾಡಬಲ್ಲದು ಎಂದರು. ಅದು ನಿಜವೆಂಬುದನ್ನು ಕಣ್ಣಾರೆ ಕಂಡೆವು.

ಆದರೂ ಅಜ್ಜಿಗೆ ತೋರಿಸುವಂಥ ಚಿತ್ರ ಅವುಗಳಲ್ಲಿ ಇರಲಿಲ್ಲ. ಸುಣ್ಣ ಬಳಿದಂತಾದ ನೀರಿನಲ್ಲಿ ಎಳೆಗಳನ್ನು ಮರಳಿ ತರಲಾಗಲಿಲ್ಲ. ಕ್ಯಾಮರಾ ಹಿಡಿಯದೆ ಬಿಟ್ಟದ್ದನ್ನು ಯಾವ ತಿದ್ದುಪಡಿಯೂ ತಂದುಕೊಡದು. ಚೌಕಟ್ಟಿನ ಹೊರಗುಳಿದ ಬಂಗಲೆ ಹೊರಗೇ ಉಳಿಯಿತು. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಜೋಗದ ಹಾದಿ ಹಿಡಿದೆವು. ಈ ಸಲ ಇಡೀ ದಿನದಲ್ಲಿ ತೆಗೆದವು ಮೂವತ್ತೇ ಚಿತ್ರಗಳು. ಮಗಳು ಮೊಬೈಲನ್ನು ಕಟಾಂಜನದ ಮೇಲೆ ಅಲುಗದಂತೆ ಊರಿ, ಪರದೆಯಲ್ಲಿ ಬಿಳಿಯ ಧಾರೆಯನ್ನೇ ಮುಟ್ಟಿ ಬೆಳಕನ್ನು ತಗ್ಗಿಸಿದಳು. ನೆತ್ತಿಯ ಬಂಗಲೆಯಿಂದ ಕಣಿವೆಯ ತಳದವರೆಗೆ ಎಲ್ಲವೂ ಚೌಕಟ್ಟಿನೊಳಗೆ ಬಂದಿತು. ಮಂಜು ಕವಿದಾಗ ಸಿಡುಕದೆ ಕಾದಳು.

ಆ ಚಿತ್ರವನ್ನು 8 ಅಂಗುಲ ಅಗಲ, 12 ಅಂಗುಲ ಎತ್ತರದ ಕಾಗದದ ಮೇಲೆ ಮುದ್ರಿಸಿದೆವು. ಅಂಗುಲಕ್ಕೆ 300 ಚುಕ್ಕೆಗಳಂತೆ ಅದಕ್ಕೆ ಸುಮಾರು 86 ಲಕ್ಷ ಚುಕ್ಕೆಗಳು ಬೇಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುವುದೆಂದು ತಿಳಿದು, ಮೂಲ ಕಡತವನ್ನೇ ಸ್ಟುಡಿಯೋಗೆ ಒಯ್ದಿದ್ದೆವು.

ತಾಯಿಯವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ. ಮೇಲಿನಿಂದ ಕೆಳಗೆ ಧಾರೆಯುದ್ದಕ್ಕೂ ಬೆರಳಾಡಿಸಿದರು. ಕೊನೆಗೆ ಆ ಪುಟ್ಟ ಬಂಗಲೆಯ ಮೇಲೆ ಬೆರಳು ನಿಲ್ಲಿಸಿ, "ಇಲ್ಲೇ ನಿಂತಿದ್ವಿ. ಹತ್ರ ಹೋಗಬ್ಯಾಡ ಅಂತ ನಿಮ್ಮಪ್ಪ ನನ್ನ ಸೆರಗ ಗಟ್ಟಿ ಹಿಡಕೊಂಡಿದ್ರು" ಎಂದರು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ನಾವೆಂದೂ ಕೇಳಿರಲಿಲ್ಲ. ಮಗಳು ಅಜ್ಜಿಯ ಹತ್ತಿರ ಸರಿದು, "ಮುಂದೇನಾತು, ಹೇಳಮ್ಮಾ" ಎಂದು ಕುಳಿತಳು.

ಪ್ರವಾಸ ಹೊರಡುವ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಚಿತ್ರಗಳನ್ನು ಹಿಡಿಯಿರಿ, ಆದರೆ ಮನೆಯಲ್ಲಿ ಕಾದು ಕುಳಿತವರ ಕಣ್ಣನ್ನು ನೆನೆದು ಹಿಡಿಯಿರಿ. ತಂದ ಮೇಲೆ ಬಲ್ಲವರಿಗೆ ತೋರಿಸಿ, ಅವರು ಹೇಳಿದ ಕೊರತೆಯನ್ನು ಬೇಸರಿಸದೆ ಕೇಳಿರಿ. "ಇದು ಯಾ ಊರ ಹಳ್ಳ?" ಎಂಬ ಒಂದು ಪ್ರಶ್ನೆಯಿಂದ ನಾವು ಕಲಿತದ್ದು ಅಲ್ಪವಲ್ಲ.