ದೊಡ್ಡ ರಸ್ತೆಯನ್ನು ಬಿಟ್ಟು

ಬೈಸಿಕಲ್ಲಿನ ಮೇಲೆ ಪ್ರಬಂಧ ಬರೆಯುತ್ತೇನೆಂದು ಹೇಳಿದಾಗ ನನ್ನ ಸಹಪಾಠಿಗಳು ನಕ್ಕರು. ಈ ಕಾಲದಲ್ಲಿ ಬೈಸಿಕಲ್ಲು ತುಳಿಯುವವನು ಒಂದೋ ಬಡವನಾಗಿರಬೇಕು, ಇಲ್ಲವೆ ಭಾನುವಾರ ಬೆಳಗ್ಗೆ ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡು ಬೆಂಗಳೂರಿನಿಂದ ಬರುವ ಸಾಹುಕಾರನಾಗಿರಬೇಕು ಎಂದು ಒಬ್ಬ ಗೆಳೆಯ ತೀರ್ಪು ಕೊಟ್ಟ. ನಾನು ಮೊದಲನೆಯ ಪಂಗಡಕ್ಕೆ ಸೇರಿದವನೆಂದು ಒಪ್ಪಿಕೊಂಡೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಬೈಸಿಕಲ್ಲು ನಾನು ಕೊಂಡದ್ದಲ್ಲ. 2018ರಲ್ಲಿ ಎಂಟನೆಯ ತರಗತಿಗೆ ಬಂದಾಗ ಸರ್ಕಾರ ಎಲ್ಲ ಮಕ್ಕಳಿಗೂ ಕೊಟ್ಟಂತೆ ನನಗೂ ಕೊಟ್ಟದ್ದು. ಅದಕ್ಕೆ ಗೇರಿಲ್ಲ, ತೂಕವೇನೋ ಧಾರಾಳವಾಗಿದೆ. ಏರು ಬಂದರೆ ನಿಂತು ತುಳಿಯಬೇಕು, ಏರು ಇನ್ನೂ ಹೆಚ್ಚಾದರೆ ಇಳಿದು ತಳ್ಳಬೇಕು. ಕೋಲಾರದಂಥ ಬಂಡೆಗಳ ಸೀಮೆಯಲ್ಲಿ ತಳ್ಳುವ ಸಂದರ್ಭಗಳಿಗೆ ಕೊರತೆಯಿಲ್ಲ.

ನಮ್ಮ ಹಳ್ಳಿ ಕೋಲಾರದಿಂದ ಮೂಡಲಿಗೆ, ಮುಳಬಾಗಿಲಿನ ಕಡೆಗೆ ಇದೆ. ಹಿಂದೆ 4 ಎಂದು ಕರೆಯುತ್ತಿದ್ದು ಈಗ 75 ಎಂದು ಕರೆಯುವ ಹೆದ್ದಾರಿಯಲ್ಲಿ ಬಂದರೆ ಕಾಲೇಜಿಗೆ 11 ಕಿಲೋಮೀಟರು. ಆದರೆ ನಾನು ಆ ದಾರಿಯಲ್ಲಿ ಬರುವವನಲ್ಲ. ಇದಕ್ಕೆ ಕಾರಣ ನಿಸರ್ಗಪ್ರೇಮವೆಂದು ಮೊದಲ ವರ್ಷದಲ್ಲಿ ಕೆಲವರಿಗೆ ಹೇಳಿದ್ದುಂಟು. ನಿಜ ಬೇರೆ. ನಮ್ಮ ತಂದೆ ಗಾರೆ ಕೆಲಸಕ್ಕೆಂದು ದಿನವೂ ಬೈಸಿಕಲ್ಲಿನಲ್ಲಿ ಕೋಲಾರಕ್ಕೆ ಹೋಗುತ್ತಿದ್ದರು. 2019ರಲ್ಲಿ ಒಂದು ಸಂಜೆ ಅದೇ ಹೆದ್ದಾರಿಯ ಅಂಚಿನಲ್ಲಿ ಬರುತ್ತಿದ್ದಾಗ ಒಂದು ಲಾರಿ ತಗುಲಿಸಿಕೊಂಡು ನಿಲ್ಲದೆ ಹೋಯಿತು. ತಂದೆ ಬದುಕಿದರು, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಈಗ ಎರಡು ಹಸುಗಳನ್ನು ನೋಡಿಕೊಂಡಿದ್ದಾರೆ. ಅವರನ್ನು ಆಸ್ಪತ್ರೆಯಿಂದ ಕರೆತಂದ ದಿನ ತಾಯಿ ನನ್ನಿಂದ ಒಂದು ಮಾತು ಪಡೆದರು: ದೊಡ್ಡ ರಸ್ತೆಗೆ ಬೈಸಿಕಲ್ಲು ಇಳಿಸಕೂಡದು. ಕೋಲಾರ ಸೀಮೆಯ ಎಷ್ಟೋ ಮನೆಗಳಂತೆ ನಮ್ಮ ಮನೆಮಾತೂ ತೆಲುಗು. ದಿನವೂ ಸಂಜೆ ನಾನು ಅಂಗಳದಲ್ಲಿ ಕಾಲೂರಿದ ಕೂಡಲೆ ತಾಯಿ ಕೇಳುವ ಪ್ರಶ್ನೆ ಒಂದೇ: "ಪೆದ್ದ ರೋಡ್ಡುಕಿ ಪೋಲೇದು ಕದಾ?" ದೊಡ್ಡ ರಸ್ತೆಗೆ ಹೋಗಲಿಲ್ಲ ತಾನೆ?

ಹೀಗೆ ನಾನು ಸಣ್ಣ ರಸ್ತೆಗಳನ್ನು ಹುಡುಕಿದೆ. ಮೊದಲು ಸಿಕ್ಕಿದ್ದು ನಮ್ಮ ಕೆರೆಯ ಒಣ ಅಂಗಳದ ಬಂಡಿಜಾಡು. ಅದರಲ್ಲಿ ಹೋದರೆ ಕೋಲಾರಕ್ಕೆ 13 ಕಿಲೋಮೀಟರು. ನಾನು ಹುಟ್ಟಿದಂದಿನಿಂದ ಆ ಕೆರೆಯಲ್ಲಿ ಜಾಲಿಯನ್ನಲ್ಲದೆ ನೀರನ್ನು ಕಂಡಿರಲಿಲ್ಲ. 2018ರಲ್ಲಿ ಬೆಂಗಳೂರಿನ ಕೊಳಚೆನೀರನ್ನು ಶುದ್ಧೀಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸತೊಡಗಿದಾಗಲೂ ನಮ್ಮ ಕೆರೆಗೆ ಅದು ಬರಲಿಲ್ಲ. ಆದರೆ 2021ರ ನವೆಂಬರಿನ ಮಳೆ ಎಲ್ಲರ ಲೆಕ್ಕವನ್ನೂ ತಪ್ಪಿಸಿತು. ಕೆರೆ ತುಂಬಿ ಕೋಡಿ ಬಿತ್ತು. ಊರ ಹೆಂಗಸರು ಅರಿಸಿನ ಕುಂಕುಮ ತಂದು ಬಾಗಿನ ಬಿಟ್ಟರು. ನನ್ನ ಬಂಡಿಜಾಡು ನೀರಿನೊಳಗೆ ಹೋಯಿತು. ಅಂದಿನಿಂದ ಏರಿಯನ್ನು ಸುತ್ತಿಕೊಂಡು ಬರಬೇಕಾಗಿ ದಾರಿ 16 ಕಿಲೋಮೀಟರಾಯಿತು. ನೀರು ಬಂತೆಂದು ಸಂತೋಷಪಟ್ಟವನೂ ದಾರಿ ಹೋಯಿತೆಂದು ಗೊಣಗಿದವನೂ ಒಬ್ಬನೇ.

ಆ ದಾರಿಯ ಸುಖವನ್ನೂ ಹೇಳಬೇಕು. ಬೆಳಗಿನ ಹೊತ್ತು ಪಡುವಲಿಗೆ ಮುಖಮಾಡಿ ಬರುವಾಗ ಬಿಸಿಲು ಬೆನ್ನಿಗಿರುತ್ತದೆ. ಎದುರಿಗೆ ಕೋಲಾರದ ಹಿಂದೆ ಶತಶೃಂಗ ಬೆಟ್ಟದ ಬಂಡೆಗಳು ಕೆಂಪಗೆ ಹೊಳೆಯುತ್ತವೆ. ಹಿಪ್ಪುನೇರಳೆ ತೋಟ, ಟೊಮೇಟೊ ಸಾಲುಗಳು, ನೀಲಗಿರಿ ತೋಪು, ಮತ್ತೆ ಹಿಪ್ಪುನೇರಳೆ. ನೀಲಗಿರಿಯ ನೆರಳು ನೆರಳಲ್ಲ, ಅದರ ಕೆಳಗೆ ಹುಲ್ಲೂ ಬೆಳೆಯದು ಎಂಬುದು ಅಲ್ಲಿ ಬೈಸಿಕಲ್ಲು ನಿಲ್ಲಿಸಿ ಕುಳಿತವನಿಗೆ ಪುಸ್ತಕವಿಲ್ಲದೆ ತಿಳಿಯುತ್ತದೆ.

ದಿನದ ದಾರಿಯ ಅಭ್ಯಾಸ ರಜೆಯ ದಿನಗಳಿಗೂ ಹಬ್ಬಿತು. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ನೋಡಿ ಎಲ್ಲರೂ ಹಿಂದಿರುಗುತ್ತಾರೆ. ಬೆಟ್ಟದ ಮೇಲೆ ತೇರಹಳ್ಳಿಯೆಂಬ ಊರಿದೆ, ಅಲ್ಲಿಗೆ ರಸ್ತೆಯಿದೆ ಎಂದು ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ. ಆ ಏರಿನಲ್ಲಿ ಅರ್ಧ ದಾರಿ ನಾನು ಬೈಸಿಕಲ್ಲನ್ನು ಒಯ್ದೆನೇ ಹೊರತು ಬೈಸಿಕಲ್ಲು ನನ್ನನ್ನು ಒಯ್ಯಲಿಲ್ಲ. ಹಳ್ಳಿಗಳ ನಡುವಿನಿಂದಲೇ ಆವನಿಗೆ ಹೋಗಬಹುದು. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ನಾಲ್ವರು ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಅಲ್ಲಿ ಒಂದೇ ಆವರಣದಲ್ಲಿವೆ. ಲವಕುಶರು ಹುಟ್ಟಿದ್ದು ಅಲ್ಲಿಯ ಬೆಟ್ಟದಲ್ಲೆಂದು ಜನರ ನಂಬಿಕೆ. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಮುಳಬಾಗಿಲನ್ನು ದಾಟಿ ಕುರುಡುಮಲೆಯ ದೊಡ್ಡ ಗಣಪತಿಯನ್ನು ನೋಡಿಬಂದ ದಿನ ಕಾಲು ಸೋತರೂ ಮನಸ್ಸು ಸೋತಿರಲಿಲ್ಲ. ಶ್ರೀನಿವಾಸಪುರದ ದಾರಿಗೆ ಮೇ ತಿಂಗಳೇ ಸರಿ: ಎರಡು ಕಡೆಯೂ ಮಾವಿನ ತೋಪು, ಗಾಳಿಯಲ್ಲೆಲ್ಲ ಹಣ್ಣಿನ ವಾಸನೆ. ಮಾಲೂರು ನಮಗೆ ದೂರ. ಆದರೂ ಮಾಸ್ತಿಯವರು ತಮ್ಮ ಹೆಸರಿನೊಡನೆ ಸೇರಿಸಿಕೊಂಡ ಊರನ್ನು ನೋಡಬೇಕೆಂಬ ಆಸೆಯಿಂದ ಒಮ್ಮೆ ಆ ಕಡೆಗೂ ಹೋದೆ. ಹೆಂಚು ಇಟ್ಟಿಗೆಗಳ ಗೂಡುಗಳನ್ನು ಕಂಡು, ಮಾಸ್ತಿ ಗ್ರಾಮದ ಬೀದಿಯಲ್ಲಿ ಚಹ ಕುಡಿದು, ಕತ್ತಲಾಗುವ ಮೊದಲು ಮನೆ ಸೇರುವ ಆತುರದಲ್ಲಿ ಹಿಂದಿರುಗಿದೆ.

ಇಷ್ಟೆಲ್ಲ ಹೇಳಿ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಪ್ರಬಂಧ ಸುಳ್ಳಾಗುತ್ತದೆ.

ಕಳೆದ ವರ್ಷ ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆಯ ದಿನ ಕೆರೆ ಏರಿಯ ಮೇಲೆ ಜಾಲಿಮುಳ್ಳು ಚುಚ್ಚಿ ಚಕ್ರದ ಗಾಳಿ ಹೋಯಿತು. ಮುಂದಿನ ಹಳ್ಳಿಯವರೆಗೆ ತಳ್ಳಿ, ಪಂಕ್ಚರ್ ಅಂಗಡಿಯವನನ್ನು ಊಟದಿಂದ ಎಬ್ಬಿಸಿ, ಸರಿಮಾಡಿಸಿಕೊಳ್ಳುವ ಹೊತ್ತಿಗೆ ಒಂಬತ್ತೂ ಕಾಲು ದಾಟಿತ್ತು. ಪರೀಕ್ಷೆ ಹತ್ತಕ್ಕೆ. ಸಣ್ಣ ರಸ್ತೆಯಲ್ಲಿ ಇನ್ನೂ 11 ಕಿಲೋಮೀಟರು, ಹೆದ್ದಾರಿಯಲ್ಲಿ 7. ನಮ್ಮ ವಂಶದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು. ಒಂದು ಪತ್ರಿಕೆ ಹೋದರೆ ಒಂದು ವರ್ಷ ಹೋಯಿತೆಂದೇ ಮನೆಯವರು ತಿಳಿಯುತ್ತಾರೆ. ನಾನು ಹೆದ್ದಾರಿಗೆ ಇಳಿದೆ.

ಆ ಅರ್ಧ ಗಂಟೆ ನೆನಪಿನಿಂದ ಹೋಗುವುದಿಲ್ಲ. ಲಾರಿಗಳು ಪಕ್ಕದಲ್ಲಿ ಹಾದಾಗ ಗಾಳಿಗೆ ಹ್ಯಾಂಡಲ್ಲು ಎಡಕ್ಕೆ ಎಳೆಯುತ್ತಿತ್ತು. ಎದುರು ದಿಕ್ಕಿನಿಂದ ಮೋಟಾರು ಬೈಕುಗಳು ಅಂಚಿನಲ್ಲೇ ನುಗ್ಗಿ ಬರುತ್ತಿದ್ದುವು. ತಂದೆ ಬಿದ್ದ ಜಾಗ ನನಗೆ ಗೊತ್ತು. ಅಲ್ಲಿ ಕಣ್ಣು ಎತ್ತದೆ ತುಳಿದೆ. ಹತ್ತಕ್ಕೆ ಐದು ನಿಮಿಷವಿರುವಾಗ ಕಾಲೇಜು ಮುಟ್ಟಿದೆ, ಪರೀಕ್ಷೆ ಬರೆದೆ, ಪಾಸೂ ಆದೆ.

ಸಂಜೆ ತಾಯಿ ಎಂದಿನಂತೆ ಕೇಳಿದರು. "ಲೇದಮ್ಮ" ಎಂದೆ. ಎರಡೇ ಅಕ್ಷರದ ಸುಳ್ಳನ್ನು 'ಅಮ್ಮ'ನಿಗೆ ಅಂಟಿಸಿ ಹೇಳಿದ್ದೆ.

ಆಮೇಲೆ ಎಷ್ಟೋ ದಿನ ಏರಿಯ ಮೇಲೆ ಬರುವಾಗ ಇದನ್ನೇ ಯೋಚಿಸಿದೆ. ತಪ್ಪು ಮುಳ್ಳಿನದೂ ಅಲ್ಲ, ಕೆರೆಯದೂ ಅಲ್ಲ. ಶಾಂತವಾದ ರಸ್ತೆ ಪುಕ್ಕಟೆ ಸಿಗುವುದಿಲ್ಲ. ಅದರ ಬೆಲೆಯನ್ನು ಹೊತ್ತಿನಲ್ಲಿ ಕೊಡಬೇಕು. ಪಂಕ್ಚರಿಗೆ, ಕುರಿಮಂದೆಗೆ, ಏರಿಗೆ, ಎಲ್ಲಕ್ಕೂ ಸೇರಿಸಿ ಅರ್ಧ ಗಂಟೆ ಮೊದಲೇ ಹೊರಡಬೇಕು. ಹೊತ್ತನ್ನು ಪೋಲುಮಾಡಬಾರದೆಂದು ಬಡವರ ಮಕ್ಕಳಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ನಾನು ಆ ಮಾತನ್ನು ನಂಬಿ ಆ ದಿನ ಮನೆಯಲ್ಲಿ ಅರ್ಧ ಗಂಟೆ ಹೆಚ್ಚು ಓದುತ್ತ ಕುಳಿತಿದ್ದೆ. ಉಳಿಸಿದ ಆ ಅರ್ಧ ಗಂಟೆಯೇ ನನ್ನನ್ನು ಹೆದ್ದಾರಿಗೆ ಇಳಿಸಿತು.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ತಾಯಿಗೆ ಓದಿ ಹೇಳಿದೆ. ಅವರಿಗೆ ಅಕ್ಷರ ಬಾರದು. ತೆಲುಗಿನಲ್ಲಿ ಹೇಳುತ್ತ ಹೋದೆ. ಪರೀಕ್ಷೆಯ ದಿನದ ಮಾತು ಬಂದಾಗ ಗಂಟಲು ಕಟ್ಟಿತು, ಆದರೂ ಬಿಡಲಿಲ್ಲ. ತಾಯಿ ಬಯ್ಯಲಿಲ್ಲ, ಏನೂ ಹೇಳಲಿಲ್ಲ. ಎದ್ದು ಹಸುವಿಗೆ ನೀರಿಡಲು ಹೋದರು. ಮರುದಿನ ಬೆಳಗ್ಗೆ ಎಂದಿಗಿಂತ ಅರ್ಧ ಗಂಟೆ ಮೊದಲೇ ನನ್ನನ್ನು ಎಬ್ಬಿಸಿದರು. ಮುದ್ದೆ ಆಗಲೇ ಸಿದ್ಧವಾಗಿತ್ತು.

ಬರುವ ಜೂನಿನಲ್ಲಿ ನನ್ನ ತಂಗಿ ಪಿ.ಯು.ಸಿ.ಗೆಂದು ಕೋಲಾರಕ್ಕೆ ಬರುತ್ತಾಳೆ. ಅವಳು ಎಂಟನೆಯ ತರಗತಿಗೆ ಬರುವ ವೇಳೆಗೆ ಬೈಸಿಕಲ್ಲಿನ ವಿತರಣೆ ನಿಂತಿತ್ತು. ಆದ್ದರಿಂದ ನನ್ನದೇ ಅವಳಿಗೆ. ಹೊಸ ಟೈರು ಎರಡು ಹಾಕಿಸಬೇಕು, ಬ್ರೇಕು ಬಿಗಿ ಮಾಡಿಸಬೇಕು. ಕೆರೆ ಏರಿಯ ದಾರಿಯನ್ನು ಒಂದು ದಿನ ಅವಳ ಜೊತೆಯಲ್ಲಿ ನಡೆದುಕೊಂಡೇ ತೋರಿಸಬೇಕೆಂದಿದ್ದೇನೆ.