ಗಂಜಿನ ಮೇಲೊಂದು ಮೋಡ

ರಾಯಚೂರಿನಲ್ಲಿ ಮೋಡವೆಂಬ ಮಾತನ್ನಾಡಿದರೆ ಜನರು ಮೊದಲು ತಲೆಯೆತ್ತಿ ಆಕಾಶವನ್ನು ನೋಡುತ್ತಾರೆ. ಅದು ಅವರ ತಪ್ಪಲ್ಲ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ಮಳೆಗಾಗಿ ಕಾಯುವುದು ಆ ಸೀಮೆಯ ಹಣೆಬರಹ. ಆದುದರಿಂದ ರಾಜೇಂದ್ರ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಸಾವುಕಾರರ ಮಗನು, “ಇನ್ನು ಮುಂದೆ ನಮ್ಮ ಲೆಕ್ಕವೆಲ್ಲ ಮೋಡದಾಗ ಇರ್ತದ” ಎಂದು ಸಾರಿದಾಗ, ನಾಲ್ಕು ದಶಕಗಳ ಕಾಲ ಕಿರ್ದಿ ಬರೆದ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, “ಮಳಿ ಸುರಿದ್ರ ಲೆಕ್ಕ ಎಲ್ಲಿ ಹೋಗ್ತದ್ರಿ, ಸಣ್ಣ ಸಾವ್ಕಾರ್ರ?” ಎಂದು ಕೇಳಿದ್ದು ಬರಿಯ ವಿನೋದವಾಗಿರಲಿಲ್ಲ.

ನೀರು ಲೆಕ್ಕವನ್ನು ನುಂಗುವುದನ್ನು ಅವರು ಕಂಡಿದ್ದರು. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ, ಮಂತ್ರಾಲಯವೇ ಜಲಾವೃತವಾದಾಗ, ಮಾನ್ವಿಯ ಕಡೆಯ ನದೀತೀರದ ರೈತರು ನೆನೆದ ಪಟ್ಟಿಗಳನ್ನು ಬಿಸಿಲಿಗೆ ಹರವಿ, ಅಕ್ಷರವಳಿದ ಕಾಗದವನ್ನು ಮಡಿಸಿಕೊಂಡು ಅಂಗಡಿಗೆ ಬಂದಿದ್ದರು. ಅಂಗಡಿಯ ಕಿರ್ದಿ ಒಣಗಿದ್ದ ಕಾರಣ ಅವರಿಗೆ ಬರಬೇಕಾದ ಹಣವೂ ಉಳಿಯಿತು. ಒಂದೇ ಲೆಕ್ಕ ಎರಡು ಕಡೆಯಲ್ಲಿರಬೇಕೆಂಬ ವಿದ್ಯೆಯನ್ನು ಗುಮಾಸ್ತರು ಯಾವ ಎಂಜಿನಿಯರನಿಂದಲೂ ಕಲಿಯಬೇಕಾಗಿರಲಿಲ್ಲ.

ಸೋಜಿಗವೆಂದರೆ, ಗಣಕಯಂತ್ರ ಬಂದ ಮೇಲೆ ಆ ಎರಡನೆಯ ಕಡೆಯೇ ಮಾಯವಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಿತು. ಕಿರ್ದಿ ಮೂಲೆ ಸೇರಿತು. ಯಂತ್ರಕ್ಕಾಗಿ ಗಾಜಿನ ಕೋಣೆಯೊಂದು ಸಿದ್ಧವಾಗಿ, ಅದಕ್ಕೆ ಏ.ಸಿ.ಯನ್ನೂ ಜೋಡಿಸಿದರು. ರಾಯಚೂರಿನ ಮೇ ತಿಂಗಳಲ್ಲಿ ಹಮಾಲರಿಗೂ ಗುಮಾಸ್ತರಿಗೂ ದೊರೆಯದ ತಂಪು ಅದಕ್ಕೆ ದೊರೆಯಿತು. ಅಂಥ ಒಂದು ಮೇ ಮಧ್ಯಾಹ್ನ ಹೋದ ಕರೆಂಟು ಅಬ್ಬರದಿಂದ ಮರಳಿ ಬಂದಿತು. ಯಂತ್ರದ ಹೊಟ್ಟೆಯಲ್ಲಿದ್ದ ಇಡೀ ಹಂಗಾಮಿನ ಉದ್ರಿ ಸುಟ್ಟುಹೋಯಿತು.

ಪಟ್ಟಿಗಳ ನಕಲು ಹುಡುಕಿ ಹದಿನೈದು ದಿನ ಲೆಕ್ಕವನ್ನು ಮತ್ತೆ ಬರೆದರು. ದೇವದುರ್ಗದ ಹತ್ತಿ ಬೆಳೆಗಾರನೊಬ್ಬನ ಮುಂಗಡಕ್ಕೆ ಮಾತ್ರ ಚೀಟಿಯಿರಲಿಲ್ಲ. ಅವನು ಹನ್ನೆರಡು ಸಾವಿರವೆಂದ. ಸಾವುಕಾರರಿಗೆ ಇಪ್ಪತ್ತೆಂದು ನೆನಪು. ಹದಿನಾರಕ್ಕೆ ರಾಜಿಯಾಯಿತು. ಮರುವರ್ಷ ಅವನ ಹತ್ತಿ ಬೇರೆ ಅಂಗಡಿಯ ಮುಂದೆ ಇಳಿಯಿತು. ಗುಮಾಸ್ತರ ಮನಸ್ಸಿನಲ್ಲಿ ನಾಟಿದ್ದು ಯಂತ್ರದ ಬೆಲೆಯಲ್ಲ, ಆ ನಾಲ್ಕು ಸಾವಿರ. ಅದು ಯಾರದೆಂದು ಇಂದಿಗೂ ತಿಳಿಯದು.

ಮೋಡದ ಮಾತು ಹುಟ್ಟಿದ್ದು ಆಗ. ಅದು ಹೆಸರಿಗೆ ಮಾತ್ರ ಮೋಡ. ನಿಜವಾಗಿ ನೆಲದ ಮೇಲೆಯೇ ನಿಂತ ಭಾರಿ ಕಟ್ಟಡ. ಅಲ್ಲಿ ಸಾವಿರಾರು ಯಂತ್ರಗಳಿರುತ್ತವೆ. ಸಾವಿರಾರು ಅಂಗಡಿಗಳು ತಂತಿಯ ಮೂಲಕ ಅವನ್ನು ಬಾಡಿಗೆಗೆ ಬಳಸುತ್ತವೆ. ಲೆಕ್ಕದ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇರಿಸುವ ಏರ್ಪಾಡೂ ಉಂಟು. ರೈತರ ಪಹಣಿಯೇ ಈ ದಾರಿ ಹಿಡಿದಿತ್ತು. ‘ಭೂಮಿ’ ಯೋಜನೆಯಲ್ಲಿ ಮೊದಲು ತಾಲ್ಲೂಕು ಕಚೇರಿಯ ಗಣಕದಲ್ಲಿದ್ದ ದಾಖಲೆಗಳು ಆಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. “ಹೊಲಾನೇ ಅಲ್ಲಿ ಹೋಗ್ಯಾವ, ಹತ್ತಿ ಹೋದ್ರೇನು?” ಎಂದು ಗುಮಾಸ್ತರು ಒಪ್ಪಿಕೊಂಡರು.

ಲಾಭ ಮೊದಲು ಕಂಡದ್ದು ಕರೆಂಟಿನ ಬಿಲ್ಲಿನಲ್ಲಿ. ಏ.ಸಿ. ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ಟು ತಿನ್ನುತ್ತಿದ್ದರೆ, ಅದು ಕಾಯುತ್ತಿದ್ದ ಯಂತ್ರ ಅದರ ಏಳೆಂಟರಲ್ಲಿ ಒಂದು ಪಾಲನ್ನೂ ತಿನ್ನುತ್ತಿರಲಿಲ್ಲ. ದೊರೆಗಿಂತ ಬೀಸಣಿಗೆಯವನಿಗೇ ಹೆಚ್ಚು ಸಂಬಳ! ಗಾಜಿನ ಕೋಣೆ ಈಗ ಹತ್ತಿಯ ಮಾದರಿಗಳ ಕೋಣೆಯಾಗಿದೆ. ಲೆಕ್ಕಕ್ಕೆ ಒಂದು ಲ್ಯಾಪ್‌ಟಾಪು ಸಾಕು. ಕರೆಂಟು ಹೋದರೂ ಅದು ಕೆಲವು ಗಂಟೆ ಬದುಕಿರುತ್ತದೆ. ಮಾನ್ವಿಯ ಭತ್ತದವನೂ ದೇವದುರ್ಗದ ಹತ್ತಿಯವನೂ ಬಸ್ಸು ಹಿಡಿಯದೆ, ಸಂಜೆಗೆ ತಮ್ಮ ಪಟ್ಟಿಯನ್ನು ಫೋನಿನಲ್ಲಿ ನೋಡುತ್ತಾರೆ.

ಆದರೆ ಬೆಂಕಿ ಆರಿತೆಂದು ತಿಳಿಯಬಾರದು. ಅದು ಜಾಗ ಬದಲಿಸಿತು, ಅಷ್ಟೆ. ದೂರದ ಕಟ್ಟಡವೂ ಬಿಸಿಯಾಗುತ್ತದೆ. ಚೆನ್ನಾಗಿ ಕಟ್ಟಿದ ಕೇಂದ್ರಗಳು ಯಂತ್ರಕ್ಕೆ ಹತ್ತು ಯೂನಿಟ್ಟು ಕೊಟ್ಟರೆ ತಂಪು ಮೊದಲಾದುದಕ್ಕೆ ಒಂದನ್ನೇ ವ್ಯಯಿಸುತ್ತವೆ, ಎಲ್ಲವೂ ಹಾಗಿಲ್ಲ. 2024ರಲ್ಲಿ ಜಗತ್ತಿನ ಇಂಥ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್ಟೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು: ಲೋಕದ ಒಟ್ಟು ಬಳಕೆಯ ನೂರರಲ್ಲಿ ಒಂದೂವರೆ ಪಾಲು. ರಾಯಚೂರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕಗಳು ಸೇರಿ 1,720 ಮೆಗಾವಾಟಿನ ಸ್ಥಾವರವದು. ಒಂದು ಯೂನಿಟ್ಟಿಗೆ ಅರ್ಧ ಕಿಲೋವಿಗೂ ಮಿಕ್ಕ ಕಲ್ಲಿದ್ದಲು ಬೇಕು. ಆ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರುತ್ತದೆ. ಬೆಂಗಳೂರಿನ ಕೇಂದ್ರಗಳಿಗೂ ಅದೇ ಜಾಲ. ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ.

ತಂತಿಯೂ ಕೆಲವೊಮ್ಮೆ ಕಡಿಯುತ್ತದೆ. ಅಂಥ ದಿನಗಳಿಗಾಗಿ ಗುಮಾಸ್ತರು ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ತೆಳ್ಳನೆಯ ಕಿರ್ದಿಯನ್ನಿಟ್ಟಿದ್ದಾರೆ. ಮುಂಗಡ ಕೊಟ್ಟಾಗ ಅದರಲ್ಲಿ ಬರೆದು, ರೈತನ ಸಹಿ ಹಾಕಿಸಿಕೊಂಡ ಮೇಲೆಯೇ ಲ್ಯಾಪ್‌ಟಾಪಿಗೆ ಏರಿಸುವುದು. ಸಣ್ಣ ಸಾವುಕಾರರು ಇದನ್ನು ದುಂದು ಎನ್ನುತ್ತಾರೆ. ಕಿತ್ತುಹಾಕಿಸುವ ಧೈರ್ಯ ಮಾತ್ರ ಮಾಡಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಣೆಯ ಮೇಲೆ ಎರಡನ್ನೂ ಇಡುತ್ತಾರೆ. ಕಿರ್ದಿಗೆ ಅರಿಶಿನ ಕುಂಕುಮ ಧಾರಾಳವಾಗಿ ಬೀಳುತ್ತದೆ. ಲ್ಯಾಪ್‌ಟಾಪನ್ನು ಮುಚ್ಚಿ, ಮೇಲೊಂದು ಹೂವಿಟ್ಟು ಕೈಮುಗಿಯುತ್ತಾರೆ. ಕೀಲಿಗಳ ಸಂದಿಗೆ ಕುಂಕುಮ ಬಿದ್ದರೆ ರಿಪೇರಿಯ ಖರ್ಚು ಯಾರ ಖಾತೆಗೆ ಹಾಕುವುದು?